ಮೊದಲು ಹೆಜ್ಜೆ, ಆಮೇಲೆ ಭಾರ

ಬೀಜಿಂಗ್‌ನಲ್ಲಿ ಚಳಿಗಾಲದ ಬೆಳಗು. 1420ರಲ್ಲಿ ಕಟ್ಟಿ ಮುಗಿಸಿದ ಸ್ವರ್ಗ ದೇಗುಲದ ಸುತ್ತಲಿನ ಉದ್ಯಾನಕ್ಕೆ ಜನ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಒಂದು ಕಾಲದಲ್ಲಿ ಚಕ್ರವರ್ತಿ ನಾಡಿಗೆ ಒಳ್ಳೆಯ ಫಸಲು ಕೊಡು ಎಂದು ಬೇಡಿಕೊಳ್ಳಲು ಬರುತ್ತಿದ್ದ ಜಾಗ ಇದು. ಈಗ ಬರುವವರಲ್ಲಿ ಹೆಚ್ಚಿನವರು ಪಿಂಚಣಿದಾರರು. ಹಳೆಯ ಸೈಪ್ರೆಸ್ ಮರಗಳ ಕೆಳಗೆ ಒಂದು ಗುಂಪು ಹಾಡುತ್ತಿದೆ, ಇನ್ನೊಂದು ಗುಂಪು ಗರಿಯ ಚೆಂಡನ್ನು ಕಾಲಲ್ಲಿ ಒದೆಯುತ್ತಿದೆ. ಈ ಗದ್ದಲದ ನಡುವೆ ಇಪ್ಪತ್ತು ಮೂವತ್ತು ಮಂದಿ ಎದೆಮಟ್ಟದ ನೀರಿನಲ್ಲಿ ನಡೆಯುವವರಂತೆ ಚಲಿಸುತ್ತಿದ್ದಾರೆ. ಒಂದು ಕೈ ಏಳುತ್ತದೆ, ಇನ್ನೊಂದು ಇಳಿಯುತ್ತದೆ, ಸೊಂಟ ತಿರುಗುತ್ತದೆ. ಎಲ್ಲಿ ಒಂದು ಭಂಗಿ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಹೇಳಲಾಗದು.

ತಾಯ್ ಚಿಯ ಈ ದೃಶ್ಯ ನಮಗೆ ಹೊಸದಲ್ಲ. ಸಿನಿಮಾದಲ್ಲಿ, ವಿಮೆ ಕಂಪನಿಯ ಜಾಹೀರಾತಿನಲ್ಲಿ ನೋಡಿದ್ದೇವೆ. ವಯಸ್ಸಾದವರು ಮಾಡುವ ಹಗುರ ವ್ಯಾಯಾಮ ಅಂದುಕೊಂಡು ಸುಮ್ಮನಾಗಿದ್ದೇವೆ. ಆದರೆ ಆ ಗುಂಪಿನ ಹಿಂದೆ ನಿಂತು ಎರಡು ನಿಮಿಷ ಅವರಂತೆ ಮಾಡಿದರೆ ಸಾಕು, ತೊಡೆ ನಡುಗುತ್ತದೆ, ಎತ್ತಿದ ಪಾದ ತೂಗಾಡುತ್ತದೆ, ಮುಂದಿನ ಸಾಲಿನ ಎಪ್ಪತ್ತರ ಅಜ್ಜಿ ಮಾತ್ರ ಅಲುಗದೆ ಮುಂದೆ ಸಾಗುತ್ತಾರೆ.

ಶಾಲೆಯ ಆಟೋಟದ ದಿನ ನಿಧಾನ ಸೈಕಲ್ ಓಟದಲ್ಲಿ ಪಾಲ್ಗೊಂಡವರಿಗೆ ಇದರ ಗುಟ್ಟು ಗೊತ್ತು. ಕೊನೆಗೆ ಮುಟ್ಟಿದವನೇ ಗೆದ್ದ ಎನ್ನುವ ಆ ಸ್ಪರ್ಧೆಯಲ್ಲಿ ಊರೆಲ್ಲ ಸೈಕಲ್ ಸುತ್ತಿದವರೂ ಕಾಲು ನೆಲಕ್ಕೆ ಕೊಟ್ಟು ಹೊರಗೆ ಬೀಳುತ್ತಾರೆ. ವೇಗ ನಮ್ಮ ತಪ್ಪುಗಳನ್ನು ಮುಚ್ಚುತ್ತದೆ, ನಿಧಾನ ಅವನ್ನು ಬಯಲಿಗೆಳೆಯುತ್ತದೆ. ತಾಯ್ ಚಿಯ ನಿಧಾನಕ್ಕೆ ಇರುವ ಕಾರಣ ಇಷ್ಟೇ.

ಆ ‘ಚಿ’ ಬೇರೆ, ಈ ‘ಚಿ’ ಬೇರೆ

ಹೆಸರಿನಿಂದಲೇ ತಪ್ಪು ತಿಳಿವಳಿಕೆ ಶುರುವಾಗುತ್ತದೆ. ಚೀನೀ ಭಾಷೆಯಲ್ಲಿ ಉಸಿರು, ಪ್ರಾಣಶಕ್ತಿ ಎಂಬ ಅರ್ಥದ ‘ಚಿ’ ಎಂಬ ಪದವಿದೆ. ತಾಯ್ ಚಿ ಎಂದರೆ ಆ ಪ್ರಾಣಶಕ್ತಿಯ ವಿದ್ಯೆ ಎಂದು ಅನೇಕರು ಭಾವಿಸಿದ್ದಾರೆ. ಆದರೆ ಇಲ್ಲಿನ ‘ಚಿ’ ಬೇರೆ ಅಕ್ಷರ, ಚೀನಾದಲ್ಲಿ ಅದರ ಉಚ್ಚಾರ ‘ಜಿ’ಗೆ ಹತ್ತಿರ. ತುತ್ತತುದಿ, ಪರಮಾವಧಿ ಎಂಬುದು ಅದರ ಅರ್ಥ. ಮೂಲದಲ್ಲಿ ಅದು ಮನೆಯ ಮಾಡಿನ ನೆತ್ತಿಯ ತೊಲೆಗೆ ಇದ್ದ ಹೆಸರು.

ಮಲೆನಾಡಿನ ಹೆಂಚಿನ ಮನೆ ನೋಡಿದವರಿಗೆ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ನೆತ್ತಿಯ ತೊಲೆಯ ಎರಡೂ ಬದಿಗೆ ಇಳಿಜಾರು. ಒಂದು ಕಡೆ ಬಿಸಿಲು ಬಿದ್ದರೆ ಇನ್ನೊಂದು ಕಡೆ ನೆರಳು. ಯಿನ್ ಮತ್ತು ಯಾಂಗ್ ಎಂಬ ಜೋಡಿ ಪದಗಳ ಮೊದಲ ಅರ್ಥವೂ ಬೆಟ್ಟದ ನೆರಳಿನ ಬದಿ, ಬಿಸಿಲಿನ ಬದಿ ಎಂದೇ. ಹೊತ್ತು ಏರಿದಂತೆ ಬಿಸಿಲಿದ್ದಲ್ಲಿ ನೆರಳು, ನೆರಳಿದ್ದಲ್ಲಿ ಬಿಸಿಲು ಬರುತ್ತದೆ. ಎರಡೂ ಸೇರುವ ಆ ನೆತ್ತಿಯೇ ತಾಯ್‌ಜಿ. ಪೂರ್ಣ ಹೆಸರು ತಾಯ್‌ಜಿಚುವಾನ್, ಕೊನೆಯ ‘ಚುವಾನ್’ ಎಂದರೆ ಮುಷ್ಟಿ. ಅಂದರೆ ಇದು ಹುಟ್ಟಿನಿಂದ ಹೊಡೆದಾಟದ ವಿದ್ಯೆ.

ಹಳ್ಳಿಯಿಂದ ಅರಮನೆಗೆ

ವುಡಾಂಗ್ ಬೆಟ್ಟದಲ್ಲಿ ಝಾಂಗ್ ಸಾನ್‌ಫೆಂಗ್ ಎಂಬ ದಾವೋ ಸನ್ಯಾಸಿ ಹಕ್ಕಿ ಮತ್ತು ಹಾವಿನ ಕಾಳಗ ನೋಡಿ ಈ ಕಲೆಯನ್ನು ಕಂಡುಕೊಂಡ ಎಂಬುದು ಐತಿಹ್ಯ. ದಾಖಲೆಗಳ ಜಾಡು ಹಿಡಿದು ಹೋದರೆ ನಾವು ತಲುಪುವುದು ಹೆನಾನ್ ಪ್ರಾಂತದ ಚೆನ್‌ಜಿಯಾಗೌ ಎಂಬ ಹಳ್ಳಿಯನ್ನು. 17ನೇ ಶತಮಾನದಲ್ಲಿ, ಮಿಂಗ್ ರಾಜವಂಶ ಉರುಳಿದ ಕಾಲದಲ್ಲಿ, ಅಲ್ಲಿನ ಯೋಧ ಚೆನ್ ವಾಂಗ್‌ಟಿಂಗ್ ಸೈನಿಕರ ಮುಷ್ಟಿಯುದ್ಧದ ವರಸೆಗಳನ್ನು ಉಸಿರಾಟ ಮತ್ತು ಯಿನ್-ಯಾಂಗ್ ತತ್ವದ ಜೊತೆ ಬೆಸೆದ ಎನ್ನಲಾಗುತ್ತದೆ. ಆಮೇಲೆ ಅನೇಕ ತಲೆಮಾರು ಈ ವಿದ್ಯೆ ಚೆನ್ ಮನೆತನದೊಳಗೇ ಉಳಿಯಿತು.

ಅದನ್ನು ಹೊರಗೆ ತಂದವನು ಹೊರಗಿನವನೇ ಆದ ಯಾಂಗ್ ಲೂಚಾನ್ (1799–1872). ಚೆನ್ ಚಾಂಗ್‌ಶಿಂಗ್ ಎಂಬ ಗುರುವಿನ ಬಳಿ ವರ್ಷಗಟ್ಟಲೆ ಕಲಿತು ಬೀಜಿಂಗ್‌ಗೆ ಹೋದ ಅವನು ರಾಜಮನೆತನದವರಿಗೂ ಕಾವಲುಪಡೆಗೂ ಗುರುವಾದ. ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಕಾಲು ಅಪ್ಪಳಿಸುವ, ಹಾರುವ ವರಸೆಗಳನ್ನು ಬಿಟ್ಟು, ಉಳಿದದ್ದನ್ನು ಅಗಲವಾಗಿ, ಒಂದೇ ವೇಗದಲ್ಲಿ ಹರಿಯುವಂತೆ ಮಾಡಿದ. ಇಂದು ಜಗತ್ತಿನ ಉದ್ಯಾನಗಳಲ್ಲಿ ಕಾಣುವುದು ಬಹುಮಟ್ಟಿಗೆ ಈ ಯಾಂಗ್ ಶೈಲಿಯೇ. ಮೂಲದ ಚೆನ್ ಶೈಲಿಯಲ್ಲಿ ನಿಧಾನದ ನಡುವೆ ಸಿಡಿಲಿನಂಥ ಹೊಡೆತ ಇಂದಿಗೂ ಉಳಿದಿದೆ. ಇವೆರಡರ ಜೊತೆ ಎರಡು ವೂ ಶೈಲಿಗಳು ಮತ್ತು ಸುನ್ ಶೈಲಿ ಸೇರಿ ಐದು ಪ್ರಮುಖ ಕವಲುಗಳಾಗಿವೆ.

1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯನ್ನು ಸಂಕ್ಷೇಪಿಸಿ 24 ಭಂಗಿಗಳ ಸರಳ ಸರಣಿಯನ್ನು ರೂಪಿಸಿತು. ಉದ್ದನೆಯ ಸರಣಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕಾದರೆ ಇದು ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಹಾದಿ ನೇರವಾಗಿರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಇಂಥ ಹಳೆಯ ವಿದ್ಯೆಗಳನ್ನೆಲ್ಲ ಅನುಮಾನದಿಂದ ಕಂಡರು. 1958ರಲ್ಲಿ ಇಳಿವಯಸ್ಸಿನಲ್ಲಿ ಚೆನ್‌ಜಿಯಾಗೌಗೆ ಮರಳಿದ ಚೆನ್ ಝಾವೊಪಿ ಊರಿನ ಹುಡುಗರಿಗೆ ಕಲಿಸಿದ್ದರಿಂದ ಕೊಂಡಿ ಕಳಚಲಿಲ್ಲ. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತಾಯ್ ಚಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಖಾಲಿ ಕಾಲು, ತುಂಬಿದ ಕಾಲು

ಯಾಂಗ್ ಚೆಂಗ್‌ಫು ಕಲಿಯುವವರಿಗೆಂದು ಹತ್ತು ಸೂತ್ರಗಳನ್ನು ಹೇಳಿಬರೆಸಿದ. ಹತ್ತೂ ಮುಖ್ಯವೇ. ಆದರೆ ಹೊಸಬರು ಒಂದನ್ನು ಹಿಡಿದರೆ ಉಳಿದವು ತಾವಾಗಿ ಹತ್ತಿರ ಬರುತ್ತವೆ. ಖಾಲಿ ಯಾವುದು, ತುಂಬಿದ್ದು ಯಾವುದು ಎಂದು ಬೇರ್ಪಡಿಸಿ ತಿಳಿಯುವುದೇ ಆ ಸೂತ್ರ.

ಮೈಯ ಭಾರವೆಲ್ಲ ಎಡಗಾಲ ಮೇಲಿದ್ದರೆ ಎಡಗಾಲು ತುಂಬಿದೆ, ಬಲಗಾಲು ಖಾಲಿ. ಖಾಲಿ ಕಾಲನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಇಟ್ಟು ಮತ್ತೆ ಎತ್ತಬಹುದು. ಎರಡೂ ಕಾಲಿಗೆ ಭಾರವನ್ನು ಸಮ ಹಂಚಿ ನಿಂತವನು ಗಟ್ಟಿಯಾಗಿ ಕಾಣುತ್ತಾನೆ. ಆದರೆ ಥಟ್ಟನೆ ಸರಿಯಬೇಕಾದಾಗ ಅವನ ಯಾವ ಕಾಲಿಗೂ ಬಿಡುವಿರುವುದಿಲ್ಲ. ಎರಡೂ ಕಾಲಲ್ಲಿ ಭಾರ ಸಿಕ್ಕಿಕೊಂಡ ಈ ಸ್ಥಿತಿಯನ್ನು ತಾಯ್ ಚಿಯವರು ದೊಡ್ಡ ದೋಷವೆಂದು ಎಣಿಸುತ್ತಾರೆ.

ನಾವು ದಿನಾ ನಡೆಯುವ ನಡಿಗೆಯನ್ನು ಗಮನಿಸಿ. ಮೈಯನ್ನು ಮುಂದಕ್ಕೆ ವಾಲಿಸುತ್ತೇವೆ, ಬೀಳುವ ಹೊತ್ತಿಗೆ ಕಾಲನ್ನು ಮುಂದಕ್ಕೆ ಚಾಚಿ ತಡೆಯುತ್ತೇವೆ. ನಡಿಗೆ ಎಂದರೆ ಬೀಳುವುದನ್ನು ಹೆಜ್ಜೆಹೆಜ್ಜೆಗೂ ತಪ್ಪಿಸಿಕೊಳ್ಳುವ ಕ್ರಿಯೆ. ನೆಲ ಸಮತಟ್ಟಾಗಿದ್ದರೆ ತೊಂದರೆಯಿಲ್ಲ. ಬಾಳೆಹಣ್ಣಿನ ಸಿಪ್ಪೆ, ಒದ್ದೆ ಬಚ್ಚಲು, ಲೆಕ್ಕ ತಪ್ಪಿದ ಮೆಟ್ಟಿಲು ಎದುರಾದಾಗ ಕಾಲು ನೆಲ ಸೇರುವ ಮೊದಲೇ ಭಾರ ಅದರ ಮೇಲೆ ಹೋಗಿರುತ್ತದೆ. ಹಿಂದಕ್ಕೆ ಬರಲು ದಾರಿಯಿಲ್ಲ.

ತಾಯ್ ಚಿಯ ಹೆಜ್ಜೆ ಇದನ್ನು ತಿರುವುಮುರುವು ಮಾಡುತ್ತದೆ. ಭಾರ ಹಿಂಗಾಲಲ್ಲೇ ಉಳಿದಿರುವಾಗ ಮುಂಗಾಲಿನ ಹಿಮ್ಮಡಿ ನೆಲ ಮುಟ್ಟುತ್ತದೆ. ಆಮೇಲೆ ಅಂಗಾಲು ಹರಡುತ್ತದೆ. ನೆಲ ಒಪ್ಪಿಗೆ ಕೊಟ್ಟ ಮೇಲೆ ಭಾರ ಮೆಲ್ಲನೆ ಹರಿದು ಬರುತ್ತದೆ, ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ನೀರು ಸುರಿದ ಹಾಗೆ. ಮೊದಲು ಹೆಜ್ಜೆ, ಆಮೇಲೆ ಭಾರ. ಚೀನೀಯರು ಇದಕ್ಕೆ ಬೆಕ್ಕಿನ ನಡೆ ಎನ್ನುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ದಾಟುವ ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಿಂದಿಗೆ, ತುರುಬು, ರೇಷ್ಮೆ ಗೂಡು

ಭಾರ ಹೀಗೆ ಹರಿಯಬೇಕಾದರೆ ಮೈ ಅಡ್ಡಬರಬಾರದು. ಉಳಿದ ಸೂತ್ರಗಳ ಕೆಲಸ ಅದು.

ಮೊದಲನೆಯದು, ನೆತ್ತಿಗೆ ದಾರ ಕಟ್ಟಿ ಮೇಲಿನಿಂದ ಯಾರೋ ಹಿಡಿದಂತೆ ತಲೆ ನೆಟ್ಟಗಿರಬೇಕು, ಕತ್ತು ಬಿಗಿಯಬಾರದು. ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಬರುವ ಹೆಂಗಸರ ನಡಿಗೆಯಲ್ಲಿ ಇದು ಕಾಣುತ್ತದೆ. ತಲೆ ಏರಿಳಿಯುವುದಿಲ್ಲ, ತಗ್ಗುದಿಣ್ಣೆಯ ಲೆಕ್ಕವನ್ನೆಲ್ಲ ಸೊಂಟ ಮತ್ತು ಮಂಡಿಗಳೇ ತೀರಿಸುತ್ತವೆ. ಭುಜ ಇಳಿದಿರಬೇಕು, ಮೊಣಕೈ ಜೋಲಬೇಕು, ಎದೆ ಸೆಟೆಯಬಾರದು.

ಎರಡನೆಯದು, ಚೀನೀಯರು ‘ಸೊಂಗ್’ ಎನ್ನುವ ಸಡಿಲ. ಆ ಪದದ ಸಾಂಪ್ರದಾಯಿಕ ಬರವಣಿಗೆಯಲ್ಲಿ ಕೂದಲನ್ನು ಸೂಚಿಸುವ ಚಿಹ್ನೆಯೊಂದಿದೆ. ಬಿಗಿದು ಕಟ್ಟಿದ ತುರುಬು ಬಿಚ್ಚಿದಾಗ ಕೂದಲು ತನ್ನ ತೂಕದಿಂದಲೇ ಇಳಿಯುತ್ತದಲ್ಲ, ಅಂಥ ಸಡಿಲ. ಸಡಿಲ ಬೇರೆ, ಸೋಮಾರಿತನ ಬೇರೆ. ಕಟ್ಟೆಯ ಮೇಲೆ ಮಲಗಿದ ಬೆಕ್ಕು ಸಡಿಲವಾಗಿರುತ್ತದೆ, ಆದರೆ ಇಲಿ ಕಂಡ ಕ್ಷಣ ನೆಗೆಯಲು ಅದಕ್ಕೆ ತಯಾರಿ ಬೇಕಿಲ್ಲ. ಬಿಗಿದ ಸ್ನಾಯು ಮಾತ್ರ ಮೊದಲು ಬಿಗಿ ಬಿಟ್ಟು ಆಮೇಲೆ ಕೆಲಸಕ್ಕೆ ಇಳಿಯಬೇಕು.

ಮೂರನೆಯದು, ಸೊಂಟವೇ ಯಜಮಾನ. ಕೈ ತಾನಾಗಿ ಚಲಿಸುವುದಿಲ್ಲ. ಬಲ ಪಾದದಲ್ಲಿ ಬೇರೂರಿ, ಕಾಲಲ್ಲಿ ಏರಿ, ಸೊಂಟದಲ್ಲಿ ದಿಕ್ಕು ಹಿಡಿದು ಬೆರಳಲ್ಲಿ ಕಾಣಿಸಿಕೊಳ್ಳುತ್ತದೆ. ಬೀಸುಕಲ್ಲಿನ ಮುಂದೆ ಕೂತವರು ಬರೀ ತೋಳಿನಿಂದ ರಾಗಿ ಬೀಸಲು ಹೋದರೆ ಹತ್ತು ನಿಮಿಷಕ್ಕೆ ಸುಸ್ತು. ಇಡೀ ಮೈ ತೂಗಿದರೆ ಹಾಡು ಹೇಳಿಕೊಂಡೇ ಬೀಸಬಹುದು.

ನಾಲ್ಕನೆಯದು, ಎಲ್ಲೂ ತುಂಡಾಗದ ಹರಿವು. ಇದಕ್ಕೆ ಚೀನೀಯರು ಕೊಡುವ ಹೋಲಿಕೆ ರೇಷ್ಮೆ ಗೂಡಿನಿಂದ ಎಳೆ ತೆಗೆಯುವುದು. ರಾಮನಗರ, ಶಿಡ್ಲಘಟ್ಟದ ಕಡೆ ನೂಲು ಬಿಚ್ಚಾಣಿಕೆ ನೋಡಿದವರಿಗೆ ವಿವರಣೆ ಬೇಡ. ಬಿಸಿನೀರಿನಲ್ಲಿ ಹೊರಳುವ ಗೂಡಿನಿಂದ ನೂರಾರು ಮೀಟರ್ ಎಳೆ ಒಂದೇ ಸಮನೆ ಬರುತ್ತದೆ. ಜಗ್ಗಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ. ಉಸಿರಿಗೂ ಇದೇ ನಿಯಮ. ಮೂಗಿನಲ್ಲಿ, ಸಹಜವಾಗಿ ಆಡುತ್ತಿರಬೇಕು, ಹಿಡಿದಿಡುವುದು ಬೇಡ.

ಬಗ್ಗಿದವನಿಗೆ ಗುದ್ದು ತಾಗದು

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವುದು ನಮ್ಮ ಗಾದೆ. ತಾಯ್ ಚಿ ಹೇಳುವುದು ಇದರ ವಿರುದ್ಧ. ಸರಿಯಾಗಿ ಬಗ್ಗಲು ಬಂದವನಿಗೆ ಗುದ್ದು ತಾಗುವುದೇ ಇಲ್ಲ.

ಹಗ್ಗಜಗ್ಗಾಟದಲ್ಲಿ ಎದುರು ತಂಡ ಥಟ್ಟನೆ ಹಗ್ಗ ಬಿಟ್ಟರೆ ನಮ್ಮವರು ಹಿಂದಕ್ಕೆ ಬೀಳುತ್ತಾರೆ. ಅವರನ್ನು ಬೀಳಿಸಿದ್ದು ಅವರದೇ ಬಲ. ತಾಯ್ ಚಿಯ ‘ತಳ್ಳುಗೈ’ ಅಭ್ಯಾಸ ನಿಂತಿರುವುದು ಈ ಸತ್ಯದ ಮೇಲೆ. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುತ್ತಾರೆ. ಒಬ್ಬ ತಳ್ಳುತ್ತಾನೆ, ಇನ್ನೊಬ್ಬ ತಡೆಯುವುದೂ ಇಲ್ಲ, ಓಡುವುದೂ ಇಲ್ಲ. ಸ್ಪರ್ಶ ಬಿಡದೆ, ಸೊಂಟ ತಿರುಗಿಸಿ ಆ ಬಲಕ್ಕೆ ಪಕ್ಕಕ್ಕೆ ದಾರಿ ಬಿಡುತ್ತಾನೆ. ತಳ್ಳಿದವನ ಭಾರ ತನ್ನ ಪಾದ ದಾಟಿ ಮುಂದೆ ಹೋದ ಕ್ಷಣ ಬೆರಳ ತುದಿಯ ಒತ್ತಡ ಸಾಕು. ಎದುರಾಳಿಯ ಭಾರ ಎಲ್ಲಿದೆ ಎಂದು ಚರ್ಮದಿಂದಲೇ ತಿಳಿಯುವುದನ್ನು ಅವರು ‘ಕೇಳುವುದು’ ಎನ್ನುತ್ತಾರೆ.

ಯಾಂಗ್ ಲೂಚಾನ್ ಬಗ್ಗೆ ಒಂದು ಕಥೆಯಿದೆ. ಅವನ ಅಂಗೈ ಮೇಲೆ ಕೂತ ಗುಬ್ಬಿಗೆ ಹಾರಲು ಆಗುತ್ತಿರಲಿಲ್ಲವಂತೆ. ಹಿಡಿದಿದ್ದಕ್ಕಲ್ಲ. ಹಾರಬೇಕಾದರೆ ಹಕ್ಕಿ ಕಾಲಿಂದ ನೆಲ ಒತ್ತಬೇಕು. ಅದು ಒತ್ತುವಾಗಲೆಲ್ಲ ಅವನ ಅಂಗೈ ಅಷ್ಟೇ ಕೆಳಗಿಳಿಯುತ್ತಿತ್ತಂತೆ. ನಿಜವೋ ಕಟ್ಟುಕಥೆಯೋ, ತತ್ವವನ್ನು ಇಷ್ಟು ಚೊಕ್ಕವಾಗಿ ಹೇಳುವ ಪಾಠ ಇನ್ನೊಂದಿಲ್ಲ. ಕಾಲೂರಲು ನೆಲವೇ ಸಿಗದಿದ್ದರೆ ಬಲಶಾಲಿಯೂ ಏನೂ ಮಾಡಲಾರ.

ಇಂಥ ಕಥೆಗಳನ್ನು ನಂಬಿ ಅಖಾಡಕ್ಕಿಳಿದರೆ ಪೆಟ್ಟು ಬೀಳುತ್ತದೆ ಎಂಬುದೂ ನಿಜ. 2017ರಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ತಾಯ್ ಚಿ ಗುರು ಎಂದು ಹೇಳಿಕೊಂಡವರೊಬ್ಬರನ್ನು ಮಿಶ್ರ ಸಮರ ಕಲೆಯ ಪಟುವೊಬ್ಬರು ಅರ್ಧ ನಿಮಿಷದೊಳಗೆ ನೆಲಕ್ಕೆ ಕೆಡವಿದ ವಿಡಿಯೊ ದೇಶವನ್ನೇ ಚರ್ಚೆಗೆಳೆಯಿತು. ಉದ್ಯಾನದ ಅಭ್ಯಾಸ ಹೊಡೆದಾಟದ ತರಬೇತಿಗೆ ಬದಲಿಯಲ್ಲ.

ಕಲಿಯುವುದು ಸುಲಭ, ತಿದ್ದುವುದು ಕಷ್ಟ

ಹೊಸಬರಿಗೆ ಮೊದಲು ಸಿಗುವುದು ಹೆಸರುಗಳ ಸಂತೋಷ. ಕಾಡುಕುದುರೆಯ ಕೇಸರ ಬೇರ್ಪಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಕೋತಿಯನ್ನು ಹಿಮ್ಮೆಟ್ಟಿಸುವುದು, ಗುಬ್ಬಿಯ ಬಾಲ ಹಿಡಿಯುವುದು, ಮೋಡದಂತೆ ಕೈ ಆಡಿಸುವುದು. ಪ್ರತಿ ಹೆಸರಿನ ಹಿಂದೆ ಒಂದು ತಡೆ, ಒಂದು ಹೊಡೆತ ಅಥವಾ ಒಂದು ಪಟ್ಟು ಅಡಗಿದೆ. ಮಂಡಿಯ ಮುಂದೆ ಕೈ ಸವರಿಕೊಂಡು ಹೋಗುವುದು ಎದುರಾಳಿಯ ಒದೆತವನ್ನು ಪಕ್ಕಕ್ಕೆ ಸರಿಸಲು, ಜೊತೆಗೇ ಮುಂದಕ್ಕೆ ಚಾಚುವ ಇನ್ನೊಂದು ಅಂಗೈ ಅವನನ್ನು ತಳ್ಳಲು.

24 ಭಂಗಿಗಳ ಕ್ರಮವನ್ನು ಕೆಲವು ತಿಂಗಳಲ್ಲಿ ಬಾಯಿಪಾಠ ಮಾಡಬಹುದು. ನಿಜವಾದ ಕಲಿಕೆ ಅಲ್ಲಿಂದಾಚೆಗೆ. ಕಲಿಯುವುದು ಸುಲಭ, ಕಲಿತದ್ದನ್ನು ತಿದ್ದುವುದು ಕಷ್ಟ ಎಂದು ಅಭ್ಯಾಸಿಗಳೇ ಹೇಳುತ್ತಾರೆ. ಗುರು ಹೊಸ ಭಂಗಿ ಹೇಳಿಕೊಡುವುದನ್ನು ನಿಲ್ಲಿಸಿ, ಭುಜದ ಮೇಲೆ ಎರಡು ಬೆರಳಿಟ್ಟು ‘ಇಳಿಸು’ ಎನ್ನುತ್ತಾರೆ. ಅಲ್ಲಿಯವರೆಗೆ ಭುಜ ಏರಿದೆ ಎಂಬುದೇ ನಮಗೆ ಗೊತ್ತಿರುವುದಿಲ್ಲ. ವರ್ಷಗಳಿಂದ ಕುರ್ಚಿಯಲ್ಲಿ ಕೂತು, ಸ್ಕೂಟರ್ ಹಿಡಿದು ಮೈಗೆ ಅಂಟಿಸಿಕೊಂಡ ಬಿಗಿಗಳನ್ನು ಒಂದೊಂದಾಗಿ ಕಳಚುವುದೇ ಮುಂದಿನ ಪಾಠ.

ಮನೆಯಲ್ಲಿ ಶುರುಮಾಡಬೇಕೆಂದಿದ್ದರೆ ಇಷ್ಟು ಸಾಕು. ಪಾದಗಳನ್ನು ಭುಜದಗಲಕ್ಕೆ ಇಟ್ಟು, ಮಂಡಿ ತುಸು ಮಡಿಸಿ ನಿಲ್ಲಿ. ಭಾರವನ್ನು ಮೆಲ್ಲನೆ ಎಡಗಾಲಿಗೆ ಹರಿಸಿ, ಬಲ ಹಿಮ್ಮಡಿ ತಾನಾಗಿ ಹಗುರಾಗುವವರೆಗೆ. ಮತ್ತೆ ಬಲಕ್ಕೆ. ಹೋಗಿಬರುವಾಗ ತಲೆಯ ಎತ್ತರ ಬದಲಾಗಬಾರದು. ಐದು ನಿಮಿಷ ಹೀಗೆ ಮಾಡಿದರೆ ತೊಡೆಯೇ ಮಾತಾಡುತ್ತದೆ.

ವೈದ್ಯರು ಅಳೆದದ್ದು

ವಯಸ್ಸಾದವರಿಗೆ ಬೀಳುವುದು ಸಣ್ಣ ವಿಷಯವಲ್ಲ. ಸೊಂಟದ ಮೂಳೆ ಮುರಿದರೆ ಮನೆಮಂದಿಯ ಬದುಕೇ ಬದಲಾಗುತ್ತದೆ. ತಾಯ್ ಚಿಯ ಬಗ್ಗೆ ವೈದ್ಯಲೋಕದ ಕುತೂಹಲ ಮುಖ್ಯವಾಗಿ ಇಲ್ಲಿಂದಲೇ ಶುರುವಾಯಿತು. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ 70 ದಾಟಿದವರ ಮೇಲೆ ನಡೆದ ಅಧ್ಯಯನದಲ್ಲಿ, 15 ವಾರ ತಾಯ್ ಚಿ ಕಲಿತವರಲ್ಲಿ ಪದೇ ಪದೇ ಬೀಳುವ ಅಪಾಯ ಶೇ 47.5ರಷ್ಟು ಕಡಿಮೆಯಾಗಿತ್ತು. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ವಿಮರ್ಶೆಯ ಲೆಕ್ಕ ಇನ್ನೂ ಎಚ್ಚರಿಕೆಯದು. ಬೀಳುವ ಪ್ರಮಾಣದಲ್ಲಿ ಶೇ 19ರಷ್ಟು ಇಳಿಕೆ ಇರಬಹುದು, ಆದರೆ ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದು ಅದು ಹೇಳಿತು.

2012ರಲ್ಲಿ ಪ್ರಕಟವಾದ ಒರೆಗಾನ್‌ನ ಅಧ್ಯಯನದಲ್ಲಿ 195 ಪಾರ್ಕಿನ್ಸನ್ ರೋಗಿಗಳನ್ನು ಮೂರು ಗುಂಪು ಮಾಡಿ, 24 ವಾರ, ವಾರಕ್ಕೆರಡು ದಿನ ಅಭ್ಯಾಸ ಮಾಡಿಸಿದರು. ನಿಲುವಿನ ಸ್ಥಿರತೆಯಲ್ಲಿ ತಾಯ್ ಚಿ ಗುಂಪು ತೂಕದ ವ್ಯಾಯಾಮದ ಗುಂಪಿಗಿಂತಲೂ ಮೈ ಚಾಚುವ ವ್ಯಾಯಾಮದ ಗುಂಪಿಗಿಂತಲೂ ಮುಂದಿತ್ತು. 2016ರ ಇನ್ನೊಂದು ಅಧ್ಯಯನದಲ್ಲಿ, ಮಂಡಿಯ ಸಂಧಿವಾತವಿದ್ದ 204 ಜನರಲ್ಲಿ ತಾಯ್ ಚಿಯ ಫಲ ಫಿಸಿಯೊಥೆರಪಿಗೆ ಸರಿಸಮವಾಗಿತ್ತು.

ಕಾರಣ ಗೂಢವೇನಲ್ಲ. ಅರೆಮಡಿಸಿದ ಮಂಡಿಯ ಮೇಲೆ ನಿಮಿಷಗಟ್ಟಲೆ ನಿಂತರೆ ತೊಡೆಗೆ ಬಲ ಬರುತ್ತದೆ. ಒಂಟಿ ಕಾಲಿನ ಮೇಲೆ ಮತ್ತೆಮತ್ತೆ ಭಾರ ಹಾಕಿದರೆ ಪಾದ ಮತ್ತು ಕಣಕಾಲಿನ ಸಂವೇದನೆ ಚುರುಕಾಗುತ್ತದೆ. ಬಿದ್ದೇನೆಂಬ ಹೆದರಿಕೆ ಕಡಿಮೆಯಾಗುತ್ತದೆ. ಆ ಹೆದರಿಕೆಯೇ ಮೈಯನ್ನು ಬಿಗಿಯಾಗಿಸಿ ಎಷ್ಟೋ ಜನರನ್ನು ಬೀಳಿಸುತ್ತದೆ.

ಮಂಡಿಯ ಕಡೆ ಒಂದು ಕಣ್ಣು

ಮಂಡಿನೋವಿಗೆ ಒಳ್ಳೆಯದೆಂದು ಕಲಿಯಲು ಹೋಗಿ ಮಂಡಿನೋವು ತಂದುಕೊಂಡವರೂ ಇದ್ದಾರೆ. ಭಾರ ತುಂಬಿದ ಕಾಲ ಮೇಲೆ ಮೈಯನ್ನು ತಿರುಚುವುದೇ ಇದರ ಮೂಲ. ಮಂಡಿ ಯಾವಾಗಲೂ ಕಾಲ್ಬೆರಳು ನೋಡುವ ದಿಕ್ಕಿಗೇ ನೋಡಬೇಕು, ಒಳಕ್ಕೆ ಕುಸಿಯಬಾರದು, ಬೆರಳ ತುದಿ ದಾಟಿ ಮುಂದೆ ಹೋಗಬಾರದು. ತಿರುಗುವುದು ಸೊಂಟದ ಕೆಲಸ, ಮಂಡಿಯದ್ದಲ್ಲ. ವಿಡಿಯೊದಲ್ಲಿ ಕಂಡ ಯುವಕರಂತೆ ತಗ್ಗಿ ಕೂರುವ ಹಟ ಬೇಡ. ಎತ್ತರದ ನಿಲುವಿನಲ್ಲೂ ತತ್ವ ಅದೇ. ತಲೆಸುತ್ತು ಇದ್ದವರು ಗೋಡೆಯನ್ನೋ ಕುರ್ಚಿಯನ್ನೋ ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಳ್ಳಬೇಕು. ಇದು ಮಾತ್ರೆಗೆ ಬದಲಿಯಲ್ಲ, ವೈದ್ಯರನ್ನು ಕೇಳಿಯೇ ಶುರುಮಾಡುವುದು ಒಳ್ಳೆಯದು.

ಕತ್ತಲಲ್ಲಿ ಎಲ್ಲರಿಗೂ ಬರುವ ವಿದ್ಯೆ

ರಾತ್ರಿ ಮೆಟ್ಟಿಲಿಳಿಯುವಾಗ ಕರೆಂಟು ಹೋಗಿದೆ ಎಂದುಕೊಳ್ಳಿ. ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ಒಂದೇ ಕೆಲಸ ಮಾಡುತ್ತೇವೆ. ಮಾತು ನಿಲ್ಲಿಸುತ್ತೇವೆ. ಭಾರವನ್ನು ಹಿಂಗಾಲಲ್ಲೇ ಉಳಿಸಿಕೊಂಡು ಖಾಲಿ ಕಾಲನ್ನು ಮುಂದೆ ಚಾಚುತ್ತೇವೆ. ಪಾದ ಕೆಳಗಿನ ಮೆಟ್ಟಿಲನ್ನು ತಡವುತ್ತದೆ, ಸಿಕ್ಕಿತು ಎಂದ ಮೇಲೆಯೇ ಮೈ ಇಳಿಯುತ್ತದೆ. ಆ ಹೊತ್ತಿಗೆ ಮನಸ್ಸು ಬೇರೆಲ್ಲೂ ಹೋಗಿರುವುದಿಲ್ಲ, ಅಂಗಾಲಲ್ಲೇ ಇರುತ್ತದೆ.

ದೀಪ ಬಂದ ತಕ್ಷಣ ಅದನ್ನು ಮರೆತು ದಡದಡ ಇಳಿಯುತ್ತೇವೆ. ಬೀಜಿಂಗ್‌ನ ಆ ಉದ್ಯಾನದಲ್ಲಿ ಅಜ್ಜಿಯರು ಬೆಳಕಿನಲ್ಲೂ ಅದನ್ನು ಮರೆಯದೆ ಇಳಿಯುತ್ತಾರೆ.